ಬಾಲವಿರುವ ಅ

ವೂಚ್ ಎಂದರೆ ದೋಣಿ. ಊರಿಗೇನೋ ದೋಣಿಯ ಹೆಸರು,
ನದಿಗಳನ್ನೆಲ್ಲ ಗಿರಣಿಗಳ ಕಾಲದಲ್ಲೇ
ಕೊಳವೆಗೆ ತುಂಬಿ ರಸ್ತೆಯಡಿ ಹೂತುಬಿಟ್ಟರು.
ನನ್ನ ಕೆಲಸವೂ ಅಂಥದರ ಜೊತೆಗೇ:
ಕಾಣದೆ ಹರಿಯುವುದರ ಜೊತೆ.

ಮೈನಸ್ ಎಂಬತ್ತರ ಪೆಟ್ಟಿಗೆಯಿಂದ
ಇವತ್ತು ಎದ್ದು ಬಂದದ್ದು ಇನ್ನೂರ ಹದಿನೇಳು.
ಹೆಸರಿಲ್ಲ. ವಯಸ್ಸು ಎಪ್ಪತ್ತೊಂದು. ಗರ್ಭಕೋಶದ ಒಳಪದರ,
ಕಡಲೆಕಾಳಿನಷ್ಟು.
ಬೆರಳು ಸೋಕಿದರೆ ಕೆಡುವ, ಉಸಿರಿಗೂ ಹೆದರುವ ಆರ್‌ಎನ್‌ಎ;
ಮುಖಕ್ಕೆ ಮುಸುಕು, ಎರಡು ಜೊತೆ ಕೈಗವಸು, ಐಸಿನ ತಟ್ಟೆ.
ವಿತೋಲ್ದ್ ಡಾಕ್ಟರು ಕೇಳುವುದು ಒಂದೇ:
ಎಷ್ಟು ಅಕ್ಷರಗಳ ಮೇಲೆ ಗುರುತು ಉಳಿದಿದೆ?

ಗುರುತೆಂದರೆ ಏನು ಮಹಾ,
ಒಂದು ಕಾರ್ಬನ್, ಮೂರು ಹೈಡ್ರೋಜನ್.
ಅ ಎಂಬ ಅಕ್ಷರಕ್ಕೆ ಅಂಟಿದ ಕಸ ಅನ್ನಬಹುದು.
ಆದರೂ ಅದನ್ನು ಬರೆಯುವವರಿದ್ದಾರೆ, ಓದುವವರಿದ್ದಾರೆ,
ಒರೆಸಿ ಹಾಕುವವರೂ ಇದ್ದಾರೆ. ಜೀವಕೋಶವೆಂದರೆ
ಒಂದು ಸರ್ಕಾರಿ ಕಚೇರಿ.

ನಮ್ಮ ಪೋಲಿಷ್ ಲಿಪಿಯಲ್ಲೂ ಅ-ಗೆ ಒಂದು ಬಾಲವುಂಟು.
ಬಾಲವಿಲ್ಲದೆ ಬರೆದರೆ ಸಾದ್: ಹಣ್ಣಿನ ತೋಟ.
ಬಾಲ ಇಳಿಬಿಟ್ಟರೆ ಸೊಂದ್: ನ್ಯಾಯಸ್ಥಾನ.
ಎರಡನೇ ತರಗತಿಯಲ್ಲಿ ನಾನು ಬಾಲ ಮರೆತು
ಕಳ್ಳನನ್ನು ಸೇಬಿನ ತೋಟಕ್ಕೆ ಕಳಿಸಿದ್ದೆ. ಟೀಚರು ನಕ್ಕಿದ್ದರು.
ಈಗ ಮೈಯೊಂದು ಅದೇ ತಪ್ಪು ಮಾಡುವುದನ್ನು
ಕೂತು ಎಣಿಸುತ್ತೇನೆ:
ಬಾಲ ಉದುರುತ್ತದೆ, ಸಾಕು ಎನ್ನುವ ತೀರ್ಪು ಬರುವುದಿಲ್ಲ,
ತೋಟ ಬೇಲಿ ಹಾರುತ್ತದೆ.

ಟ್ರಾಮ್ ನಿಲ್ದಾಣದ ಬೆಂಚಿನಲ್ಲಿ ಗೆನೊವೆಫಾ.
ಮೂರು ತಿಂಗಳಿಂದ ಮಂಗಳವಾರಗಳ ಪರಿಚಯ.
ಮೂವತ್ತೊಂದು ವರ್ಷ ಗಿರಣಿಯಲ್ಲಿ ಬಟ್ಟೆ ನೋಡಿದವಳು:
ದೀಪದ ಮೇಜಿನ ಮೇಲೆ ಥಾನು ಹರಿಯಬೇಕು,
ಎಳೆ ತಪ್ಪಿದಲ್ಲಿ ಸೀಮೆಸುಣ್ಣದ ಗೀರು ಬೀಳಬೇಕು.
"ಮುಟ್ಟು ನಿಂತು ಹತ್ತೊಂಬತ್ತು ವರ್ಷ. ಒಂದು ಬೆಳಿಗ್ಗೆ
ಒಳಬಟ್ಟೆಯಲ್ಲಿ ಮಸೂರ ಬೇಳೆಯಷ್ಟು ಕಲೆ.
ವಯಸ್ಸಿಗೆ ಏನೇನೋ ಆಗತ್ತೆ ಬಿಡು, ಅಂದಳು ಅಕ್ಕ.
ಮನುಷ್ಯರು ಹೇಳೋದು ಹಾಗಿರಲಿ,
ಬಟ್ಟೆ ಹೇಳಿದ್ದನ್ನು ನಾನು ಯಾವತ್ತೂ ಬಿಟ್ಟವಳಲ್ಲ."

ವಯಸ್ಸು ಎಪ್ಪತ್ತೊಂದಂತೆ.
ಮುಂದಕ್ಕೆ ನಾನು ಕೇಳಲಿಲ್ಲ, ಕೇಳುವ ಹಾಗೂ ಇಲ್ಲ;
ಊರಲ್ಲಿ ಎಪ್ಪತ್ತೊಂದರ ಹೆಂಗಸರು ಎಷ್ಟೋ.
ತಲೆಯೊಳಗೆ ಮಾತ್ರ ಆ ಎರಡು ಗೆರೆ ಇಳಿಯುತ್ತಿದ್ದವು:
ಗುರುತು ಉಳಿದವರದು ಮೇಲೆ, ಕಳೆದುಕೊಂಡವರದು ಕೆಳಗೆ,
ಐದು ವರ್ಷದ ಉದ್ದಕ್ಕೂ ಮೆಟ್ಟಿಲು ಮೆಟ್ಟಿಲು.
ಒಂದೊಂದು ಮೆಟ್ಟಿಲೂ ಒಬ್ಬಳು.
ಇನ್ನೂರ ಹದಿನೇಳು ಕೆಳಗಿನ ಗೆರೆಗೆ ಸೇರಿತ್ತು.

"ಗೀರು ಬಿದ್ದ ಬಟ್ಟೆ ಏನಾಗುತ್ತಿತ್ತು?" ಎಂದೆ.
"ಏನಾಗತ್ತೆ? ಕೆಲವು ರಫೂ ಮೇಜಿಗೆ. ಕೆಲವು ಎರಡನೇ ದರ್ಜೆ,
ನನ್ನ ಮದುವೆಯ ಕೋಟು ಅದರಲ್ಲೇ ಹೊಲಿಸಿದ್ದು,
ಇನ್ನೂ ಇದೆ.
ಗೀರು ಹೇಳೋದು ಇಷ್ಟೇ ಮಗಳೇ, ಇಲ್ಲಿ ನೋಡು ಅಂತ.
ಗೀರು ಹಾಕದೆ ದಾಟಿಸಿಬಿಟ್ಟ ಥಾನು ಇತ್ತಲ್ಲ,
ನಿದ್ದೆಗೆಡಿಸ್ತಿದ್ದದ್ದು ಅದು."

ಟ್ರಾಮ್ ಬಂತು. ಹತ್ತುವ ಮುಂಚೆ ನನ್ನ ತೋಳು ಹಿಡಿದು
ಬೆಳಕಿಗೆ ತಿರುಗಿಸಿದಳು. "ಇಲ್ಲೊಂದು ಎಳೆ ಹೋಗಿದೆ."
ಉಗುರಿನಿಂದ ಗೀರಿದಳು. ಉಣ್ಣೆಯ ಮೇಲೆ
ಅದು ಎಷ್ಟು ಹೊತ್ತು ನಿಂತೀತು.

ಮರುದಿನ ಇನ್ನೂರ ಹದಿನೇಳನ್ನು ಮತ್ತೆ ಅಳೆದೆ,
ಯಾರೂ ಕೇಳಿರಲಿಲ್ಲ.
ಸಂಖ್ಯೆ ಕದಲಲಿಲ್ಲ.
ಕಡತದ ಅಡಿಯಲ್ಲಿ ಇನ್ನೊಂದು ಸಾಲಿತ್ತು,
ನಿನ್ನೆ ನಾನು ಓದದೆ ಬಿಟ್ಟದ್ದು: ಹಂತ ಒಂದು.
ಬೇಗ ಬಂದಿದ್ದಾಳೆ ಯಾರೋ.
ಕಲೆಯನ್ನು ಬೆಳಕಿಗೆ ಹಿಡಿದು ನೋಡಿದವಳು.